ಅಕ್ಕ ಕಂಡ ಕಲ್ಯಾಣ ಎಲ್ಲಿದೆ?

ಪ್ರವಾಸ ಸಾಹಿತ್ಯವೆಂದೊಡನೆ ಕನ್ನಡಿಗರಿಗೆ ನೆನಪಾಗುವ ಹೆಸರುಗಳು ಹೆಚ್ಚುಕಡಿಮೆ ಗೊತ್ತಾದವೇ. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ', ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', 1980ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು'. ಎಲ್ಲವೂ ಓದಿ ಸಂತೋಷಪಡಬೇಕಾದ ಪುಸ್ತಕಗಳು. ಇವುಗಳಲ್ಲಿ ಒಂದು ಸಮಾನವಾದ ಅನುಕೂಲವಿದೆ. ಅದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬರೆದವರು ಗಂಡಸರು. ತಾವು ಮನೆ ಬಿಟ್ಟು ಹೊರಟದ್ದು ಸರಿಯೇ ತಪ್ಪೇ ಎಂಬ ಮಾತಿಗೆ ಅವರು ಉತ್ತರ ಕೊಡಬೇಕಾಗಿಲ್ಲ. ಹೊಸ ಊರಿನಲ್ಲಿ ಇಳಿದೊಡನೆ ಅವರ ಕಣ್ಣು ನೆಟ್ಟಗೆ ಊರಿನ ಮೇಲೆ ಬೀಳುತ್ತದೆ. ಓದುಗನೂ ಅವರೊಡನೆ ಊರು ನೋಡತೊಡಗುತ್ತಾನೆ.

ಇದೇ ಕೆಲಸವನ್ನು ಒಬ್ಬ ಹೆಣ್ಣುಮಗಳು ಮಾಡಿದರೆ ಏನಾಗುತ್ತದೆ? ಒಬ್ಬಳೇ ಹೊಸದೊಂದು ನಗರಕ್ಕೆ ಹೋಗುತ್ತಾಳೆ, ನಾಲ್ಕು ದಿನ ಸುತ್ತಿ ನೋಡುತ್ತಾಳೆ ಎಂದಿಟ್ಟುಕೊಳ್ಳೋಣ. ನಮ್ಮ ಸಾಹಿತ್ಯ ಅವಳನ್ನು ಹೇಗೆ ಬರಮಾಡಿಕೊಂಡಿದೆ? ಈ ಪ್ರಶ್ನೆ ಇಂದಿನದೆಂದು ತೋರಬಹುದು. ಆದರೆ ಇದಕ್ಕೆ ನಮ್ಮಲ್ಲಿರುವ ಅತ್ಯುತ್ತಮ ಉದಾಹರಣೆ ಎಂಟೂವರೆ ಶತಮಾನಗಳಷ್ಟು ಹಳೆಯದು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಳೇ ಬಂದದ್ದೇ ಆ ಉದಾಹರಣೆ.

ಹಂಸಭಾವಿಯಲ್ಲಿ ಕುಳಿತು ಇದನ್ನು ಬರೆಯುವವನಿಗೆ ಆ ಪಯಣದ ಮೊದಲ ಹೆಜ್ಜೆ ಬಹಳ ಹತ್ತಿರದ್ದು. ಹಿರೇಕೆರೂರು ತಾಲೂಕಿನ ಗಡಿ ದಾಟಿದರೆ ಶಿರಾಳಕೊಪ್ಪ. ಅದರ ಆಸುಪಾಸಿನಲ್ಲೇ, ವಿದ್ವಾಂಸರು ಉಡುತಡಿಯೆಂದು ಗುರುತಿಸುವ ಉಡುಗಣಿಯೂ, ಅಲ್ಲಮನ ಊರೆಂದು ಪರಂಪರೆ ಹೇಳುವ ಬಳ್ಳಿಗಾವಿಯೂ ಇವೆ. ಅಕ್ಕನು ನಗರವನ್ನೇ ಕಾಣದ ಕಾಡುಹುಡುಗಿಯೆಂಬ ಚಿತ್ರ ನಮ್ಮ ಮನಸ್ಸಿನಲ್ಲಿದ್ದರೆ ಅದನ್ನು ತಿದ್ದಿಕೊಳ್ಳಬೇಕು. ಬಳ್ಳಿಗಾವಿ ಆ ಕಾಲಕ್ಕೆ ಬನವಾಸಿ ನಾಡಿನ ದೊಡ್ಡ ಪಟ್ಟಣ. ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಹೆಸರಾದದ್ದು. ನಾನಾ ಶಾಸ್ತ್ರಗಳ ಪಾಠ, ರೋಗಿಗಳಿಗೆ ಔಷಧಿ, ಕುರುಡರು ಕುಂಟರು ಅನಾಥರಿಗೆ ಅನ್ನ, ಹಾಡುವವರಿಗೂ ಕುಣಿಯುವವರಿಗೂ ದೇಶದೇಶ ಅಲೆಯುವ ಭಿಕ್ಷುಗಳಿಗೂ ಊಟ, ಇವೆಲ್ಲ ಆ ಮಠದಲ್ಲಿ ನಡೆಯುತ್ತಿದ್ದವೆಂದು ಶಾಸನ ಹೇಳುತ್ತದೆ. ಅಂದರೆ ದಾರಿ ನಡೆಯುವವರಿಗೆ ಅನ್ನವಿಕ್ಕುವ ಏರ್ಪಾಡು ಅಕ್ಕನ ಕಾಲದಲ್ಲಿ, ಅಕ್ಕನ ಊರಿನ ಪಕ್ಕದಲ್ಲೇ ಇತ್ತು. ಅವಳು ಹೊರಟದ್ದಾದರೋ ಅದಕ್ಕಿಂತ ಬಹು ದೂರದ ರಾಜಧಾನಿಗೆ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದವರೆಗೆ ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದರೂ ನಾಲ್ಕುನೂರು ಕಿಲೋಮೀಟರು ಮೀರುತ್ತದೆ.

ನಮ್ಮ ಈ ಸೀಮೆ ಅಲೆದಾಡಿದವರ ಸೀಮೆ. ಮಾಸೂರು, ಅಬಲೂರುಗಳ ಹೆಸರಿನೊಡನೆ ಬೆರೆತ ಸರ್ವಜ್ಞ ಊರೂರು ತಿರಿದುಂಡು ತ್ರಿಪದಿ ಹೇಳಿದ. ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರು ಕ್ಷೇತ್ರ ಕ್ಷೇತ್ರ ತಿರುಗಿದರು. ಅದೇ ತಾಲೂಕಿನ ಶಿಶುನಾಳದ ಷರೀಫ ಸಾಹೇಬರು ಗುರುವಿನ ಬೆನ್ನು ಹತ್ತಿ ಓಡಾಡಿದರು. ಸವಣೂರಿನಲ್ಲಿ ಹುಟ್ಟಿದ ಗೋಕಾಕರು ಆಕ್ಸ್‌ಫರ್ಡಿಗೆ ಹೋದರು. ಆ ಸಮುದ್ರಯಾನದಿಂದ ನಮಗೆ 'ಸಮುದ್ರಗೀತೆಗಳು' ದೊರೆತವು. ಇವರಲ್ಲಿ ಕನಕದಾಸರನ್ನು ಉಡುಪಿಯ ಬಾಗಿಲಲ್ಲಿ ತಡೆದರೆಂಬ ಪ್ರತೀತಿಯಿದೆ. ಅಲ್ಲಿ ಎದ್ದದ್ದು ಕುಲದ ಪ್ರಶ್ನೆ. ಆದರೆ ಸರ್ವಜ್ಞನನ್ನು ಯಾವುದಾದರೂ ಊರಿನ ಅಗಸೆಯಲ್ಲಿ ನಿಲ್ಲಿಸಿ, ನಿನ್ನ ಹೆಂಡತಿ ಯಾರು, ಅವಳನ್ನು ಬಿಟ್ಟು ಏಕೆ ಬಂದೆ ಎಂದು ಕೇಳಿದ ಕಥೆಯನ್ನು ನಾನು ಕೇಳಿಲ್ಲ. ಅಕ್ಕನಿಗೆ ಮಾತ್ರ ಕೇಳುವವರಿದ್ದರು.

ಅಕ್ಕನ ಪಯಣವನ್ನು ಎರಡು ಕೃತಿಗಳಲ್ಲಿ ಎದುರುಬದುರು ಇಟ್ಟು ನೋಡುವುದು ಉಪಯುಕ್ತ. ಮೊದಲನೆಯದು ಹರಿಹರನ 'ಮಹಾದೇವಿಯಕ್ಕನ ರಗಳೆ'. ಕಾಲದಿಂದ ಅಕ್ಕನಿಗೆ ಹೆಚ್ಚು ಹತ್ತಿರದ ಕವಿ ಹರಿಹರ. ಅವನ ಮಹಾದೇವಿ ಕೌಶಿಕನ ಅರಮನೆಯನ್ನು ಬಿಟ್ಟವಳು ನೇರವಾಗಿ ಶ್ರೀಶೈಲಕ್ಕೆ ನಡೆಯುತ್ತಾಳೆ. ಕಲ್ಯಾಣದಲ್ಲಿ ನಡೆದ ಪರೀಕ್ಷೆ ಅವನಲ್ಲಿ ಇಲ್ಲ. ಹಾಗೆಂದು ಹರಿಹರ ಅವಳನ್ನು ಒಬ್ಬಳೇ ಇರಲು ಬಿಟ್ಟನೆಂದು ಹೇಳುವಂತಿಲ್ಲ. ತಾಯಿತಂದೆಗಳು ಹುಡುಕಿಕೊಂಡು ಬೆಟ್ಟಕ್ಕೇ ಬರುತ್ತಾರೆ. ಕೌಶಿಕನೂ ವೇಷ ಬದಲಿಸಿ ಬರುತ್ತಾನೆ. ಊರನ್ನು ಬಿಟ್ಟವಳನ್ನು ಊರೇ ಹಿಂಬಾಲಿಸಿತು.

ಎರಡನೆಯದು 'ಶೂನ್ಯಸಂಪಾದನೆ'. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಜೋಡಿಸಿ, ಆಮೇಲೆ ಗೂಳೂರು ಸಿದ್ಧವೀರಣ್ಣನವರೆಗೆ ಮತ್ತೆ ಮತ್ತೆ ಪರಿಷ್ಕಾರಗೊಂಡ ಗ್ರಂಥ. ಅಕ್ಕನ ಕಾಲಕ್ಕೂ ಇದಕ್ಕೂ ನಡುವೆ ಇನ್ನೂರೈವತ್ತು ವರ್ಷಗಳಷ್ಟಾದರೂ ಅಂತರ. ಇಲ್ಲಿ ಅಕ್ಕ ಕಲ್ಯಾಣಕ್ಕೆ ಬರುತ್ತಾಳೆ. ಬಂದವಳಿಗೆ ಪ್ರಶ್ನೆಗಳು ಕಾದಿವೆ. ತುಂಬು ಜವ್ವನದ ಹೆಣ್ಣು ಹೀಗೆ ಬರುವುದೇ? ನಿನ್ನ ಗಂಡ ಯಾರು? ಸೀರೆಯನ್ನು ತೊರೆದ ಮೇಲೆ ಕೂದಲಿನ ಮರೆ ಏಕೆ? ಅಲ್ಲಮನ ಪ್ರಶ್ನೆಗಳ ತಿರುಳು ಇಂಥದು. ಅಕ್ಕನ ಉತ್ತರಗಳು ಕನ್ನಡದ ಮಾತು ಮುಟ್ಟಬಲ್ಲ ಎತ್ತರವನ್ನು ಮುಟ್ಟಿವೆ. ಕೇಳಿದವನೇ ತಲೆಬಾಗುತ್ತಾನೆ, ಬಸವಣ್ಣ, ಚೆನ್ನಬಸವಣ್ಣ ಮೊದಲಾದವರು ಕೊಂಡಾಡುತ್ತಾರೆ. ಭಾರತೀಯ ಸಾಹಿತ್ಯದಲ್ಲಿ ಇದಕ್ಕೆ ಸಾಟಿಯಾದ ಸಂವಾದಗಳು ವಿರಳ. ಅಲ್ಲಮನ ಪ್ರಶ್ನೆ ಅವಳನ್ನು ಹಳಿಯುವುದಕ್ಕಾಗಿ ಅಲ್ಲ, ಅವಳ ನಿಲವನ್ನು ಲೋಕಕ್ಕೆ ತೋರಿಸುವುದಕ್ಕಾಗಿ ಎಂದು ನಮ್ಮ ಹಿರಿಯ ವಿಮರ್ಶಕರು ವಿವರಿಸಿದ್ದಾರೆ. ಅದನ್ನು ನಾನೂ ಒಪ್ಪುತ್ತೇನೆ.

ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಇಷ್ಟು ದೀರ್ಘವಾದ ಪ್ರಸಂಗದಲ್ಲಿ ಕಲ್ಯಾಣ ಎಲ್ಲಿದೆ? ಬಿಜ್ಜಳನ ರಾಜಧಾನಿ, ಚಾಲುಕ್ಯರು ಕಟ್ಟಿ ಬೆಳೆಸಿದ ನಗರ. ಅದರ ಓಣಿ ಹೇಗಿತ್ತು, ಪೇಟೆಯಲ್ಲಿ ಏನು ಮಾರುತ್ತಿದ್ದರು, ನಾಲ್ಕುನೂರು ಕಿಲೋಮೀಟರು ನಡೆದು ಬಂದ ಹೆಣ್ಣುಮಗಳಿಗೆ ಮೊದಲು ನೀರು ಕೊಟ್ಟವರು ಯಾರು? ಗ್ರಂಥ ಹೇಳುವುದಿಲ್ಲ. ಕಲ್ಯಾಣವೆಲ್ಲ ಅಕ್ಕನನ್ನು ನೋಡುತ್ತದೆ. ಅಕ್ಕ ಕಲ್ಯಾಣವನ್ನು ನೋಡುವುದಕ್ಕೆ ಎಡೆಯೇ ಇಲ್ಲ. ಉತ್ತರ ಹೇಳುವುದರಲ್ಲಿಯೇ ಅವಳ ಹೊತ್ತು ಕಳೆಯಿತು.

ಇಲ್ಲಿ ಸಂಪಾದನೆಕಾರರನ್ನು ಬಿಟ್ಟು ಅಕ್ಕನ ವಚನಗಳ ಕಡೆಗೇ ತಿರುಗಬೇಕು. ಹಸಿದಾಗ ಊರಿನಲ್ಲಿ ಬೇಡಿ ತಂದ ಅನ್ನ, ಬಾಯಾರಿದಾಗ ಕೆರೆ ಬಾವಿಗಳು, ರಾತ್ರಿಗೆ ಪಾಳುಬಿದ್ದ ಗುಡಿ, ಜೊತೆಗೆ ದೇವರೊಬ್ಬನೇ ಎಂಬ ಅರ್ಥದ ವಚನವನ್ನು ನಾವು ವೈರಾಗ್ಯದ ಮಾತೆಂದು ಪಾಠ ಹೇಳುತ್ತ ಬಂದಿದ್ದೇವೆ. ವೈರಾಗ್ಯ ಹೌದು. ಆದರೆ ಅದು ದಾರಿ ನಡೆದವರು ಮಾತ್ರ ಕೊಡಬಲ್ಲ ಲೆಕ್ಕ ಕೂಡ. ಊಟ ಎಲ್ಲಿ, ನೀರು ಎಲ್ಲಿ, ಮಲಗುವುದು ಎಲ್ಲಿ ಎಂಬ ಮೂರು ಚಿಂತೆಗಳು ಒಬ್ಬಳೇ ಹೊರಟ ಹೆಂಗಸಿಗೆ ಅಂದಿನಂತೆ ಇಂದಿಗೂ ಮೊದಲ ಮೂರು ಚಿಂತೆಗಳು. ಬೆಟ್ಟ, ಕಡಲು, ಸಂತೆಗಳನ್ನು ಉಪಮೆಯಾಗಿ ತಂದು ಲೋಕದ ಸ್ತುತಿನಿಂದೆಗಳಿಗೆ ಸಮಾಧಾನದಿಂದಿರಬೇಕೆನ್ನುವ ವಚನವೂ ಅಂಥದೇ. ಸಂತೆಯ ಗದ್ದಲ ಅವಳಿಗೆ ಪುಸ್ತಕದಿಂದ ತಿಳಿದದ್ದಾಗಿರಲಾರದು.

ಇನ್ನೊಂದು ವಚನ ನನ್ನ ವಾದಕ್ಕೆ ಎಲ್ಲಕ್ಕಿಂತ ಮುಖ್ಯ. ಕಲ್ಯಾಣವನ್ನು ಹೊಗುವುದು ಎಲ್ಲರಿಗೂ ಆಗುವ ಮಾತಲ್ಲ, ಆಸೆ ಅಳಿಯದವರು, ಒಳಗೂ ಹೊರಗೂ ಶುದ್ಧರಲ್ಲದವರು ಅತ್ತ ಕಾಲಿಡಬಾರದು ಎಂದು ಅಲ್ಲಿ ಅಕ್ಕ ನಿಯಮಗಳನ್ನು ಒಂದೊಂದಾಗಿ ಹೇಳುತ್ತಾಳೆ. ಕೊನೆಗೆ, ತಾನು ಎರಡೂ ಬಗೆಯ ಲಜ್ಜೆಯನ್ನು ಕಳೆದುಕೊಂಡವಳಾದ್ದರಿಂದ ಕಲ್ಯಾಣವನ್ನು ಕಂಡು ನಮಿಸಿದೆನೆನ್ನುತ್ತಾಳೆ. ಶೂನ್ಯಸಂಪಾದನೆಯಲ್ಲಿ ಹೆಬ್ಬಾಗಿಲ ಪ್ರಶ್ನೆ ನಗರದ್ದು. ಈ ವಚನದಲ್ಲಿ ಅದು ಅಕ್ಕನದು. ಯಾರು ಒಳಗೆ ಬರಬಹುದೆಂಬುದನ್ನು ಅವಳೇ ನಿರ್ಣಯಿಸುತ್ತಾಳೆ. ಆ ನಿಯಮ ಗಂಡಸು ಹೆಂಗಸೆನ್ನದೆ ಎಲ್ಲರಿಗೂ ಒಂದೇ. ಅಷ್ಟೇ ಮುಖ್ಯವಾದದ್ದು ಅವಳು ಕಲ್ಯಾಣವನ್ನು ಕಂಡೆನೆಂದು ಹೇಳುವುದು. ಆ ಕಾಣುವ ಕ್ರಿಯೆ ವಚನದಲ್ಲಿ ಉಳಿದಿದೆ. ಕಂಡದ್ದು ಏನೆಂಬುದು ಉಳಿದಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ. ಅಕ್ಕ ಊರು ನೋಡಲು ಹೋದವಳೇ? ಅನುಭಾವಿಯನ್ನು ಪ್ರವಾಸಿಯ ಮಟ್ಟಕ್ಕೆ ಇಳಿಸುವುದು ಸರಿಯೇ? ಆಕ್ಷೇಪ ತೂಕದ್ದೇ. ಅವಳ ಕಲ್ಯಾಣ ಬರಿಯ ಕಲ್ಲುಮಣ್ಣಿನ ನಗರವಲ್ಲವೆಂಬುದನ್ನು ನಾನು ಮರೆತಿಲ್ಲ. ಆದರೆ ಅನುಭಾವವನ್ನು ಹೊತ್ತು ನಡೆದದ್ದು ಒಂದು ದೇಹ. ಆ ದೇಹಕ್ಕೆ ಬಿಸಿಲು ತಾಗಿತು, ಮುಳ್ಳು ಚುಚ್ಚಿತು, ಜನರ ಕಣ್ಣು ಚುಚ್ಚಿತು. ಮರ, ಗಿಳಿ, ಕೋಗಿಲೆ, ತುಂಬಿಗಳನ್ನು ಹೆಸರು ಹಿಡಿದು ಕರೆದು ತನ್ನ ದೇವರ ಸುದ್ದಿ ಕೇಳಿದವಳು ಕಣ್ಣು ಮುಚ್ಚಿ ನಡೆದವಳಲ್ಲ. ಕಾಡನ್ನು ಅಷ್ಟು ನೋಡಿದವಳು ನಗರವನ್ನು ನೋಡಲಿಲ್ಲವೆಂದು ನಂಬುವುದು ಕಷ್ಟ. ನಗರದ ವಿಷಯ ಅವಳನ್ನು ಕೇಳಿದವರಿರಲಿಲ್ಲ ಎನ್ನುವುದೇ ಹೆಚ್ಚು ಸಹಜವಾದ ಊಹೆ.

ಆಧುನಿಕ ಕಾಲದಲ್ಲಿ ಸ್ಥಿತಿ ಬದಲಾಗಲಿಲ್ಲವೆಂದಲ್ಲ. ಅನುಪಮಾ ನಿರಂಜನ ತಮ್ಮ ವಿದೇಶ ಪ್ರವಾಸಗಳನ್ನು ಬರೆದರು. ವೀಣಾ ಶಾಂತೇಶ್ವರರ ಕಥೆಗಳಲ್ಲಿ ತಮ್ಮ ದುಡಿಮೆಯ ಮೇಲೆ ನಿಂತ ಹೆಂಗಸರು ನಗರದ ಬದುಕಿಗೆ ಎದುರಾದರು. ನೇಮಿಚಂದ್ರರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಕನ್ನಡದ ಹೆಣ್ಣುಮಗಳ ಕಣ್ಣನ್ನು ಮಾಚುಪಿಚುವಿನವರೆಗೆ ಕೊಂಡೊಯ್ದಿತು. ಇವು ದೊಡ್ಡ ಪಯಣಗಳು, ಹೆಸರಾದವರ ಪಯಣಗಳು. ನಾನು ಕೇಳುತ್ತಿರುವುದು ಸಣ್ಣದನ್ನು: ಹಾನಗಲ್ಲಿನಿಂದಲೋ ಸವಣೂರಿನಿಂದಲೋ ಹೊರಟ ಸಾಮಾನ್ಯ ಹೆಣ್ಣುಮಗಳು ಎರಡು ದಿನ ಹೊಸ ಊರಿನಲ್ಲಿ ಕಳೆದು ಬರುವ ಪಯಣವನ್ನು.

ಅಂಥದೊಂದು ಬರವಣಿಗೆ ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ನನ್ನ ಕೈಗೆ ಬಂದಿತ್ತು. ಬರೆದವಳು ಬಿ.ಎ. ವಿದ್ಯಾರ್ಥಿನಿ. ಯಾವುದೋ ಪರೀಕ್ಷೆಗೆಂದು ಹಾವೇರಿಯಲ್ಲಿ ಒಮ್ಮೆ, ಹುಬ್ಬಳ್ಳಿಯಲ್ಲಿ ಒಮ್ಮೆ ಬಸ್ಸು ಬದಲಿಸಿ ವಿಜಯಪುರಕ್ಕೆ ಒಬ್ಬಳೇ ಹೋಗಿ, ಉಳಿದ ಒಂದು ದಿನದಲ್ಲಿ ಗೋಲಗುಮ್ಮಟ ನೋಡಿದ್ದಳು. ಲೇಖನ ನಾಲ್ಕು ಪುಟ. ಅದರಲ್ಲಿ ಎರಡೂವರೆ ಪುಟ ಸಮಜಾಯಿಷಿ: ಅಪ್ಪ ಒಪ್ಪಿದ್ದು, ಅಣ್ಣ ಬಸ್ ನಿಲ್ದಾಣಕ್ಕೆ ಬಂದು ಕೂರಿಸಿದ್ದು, ಉಳಿದುಕೊಂಡದ್ದು ಸಂಬಂಧಿಕರ ಮನೆಯಲ್ಲೇ ಎಂಬುದು, ಕತ್ತಲಾಗುವ ಮೊದಲು ಮನೆ ಸೇರಿದ್ದು. ಶಿಕ್ಷೆಯಿಂದ ಪಾರಾಗಲು ಕೊಟ್ಟ ಹೇಳಿಕೆಯಂತೆ ಅದು ಓದಿಸಿಕೊಳ್ಳುತ್ತಿತ್ತು. ನಡುವೆ ಐದಾರು ವಾಕ್ಯಗಳು ಮಾತ್ರ ಬೇರೆ ಜಾತಿಯವು. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ, 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲಿನ ಆ ಮಹಾಗುಮ್ಮಟದ ಒಳಸುತ್ತಿನಲ್ಲಿ ಗೋಡೆಗೆ ಬಾಯಿಟ್ಟು ಅವಳು ಮೆಲ್ಲಗೆ ತನ್ನ ಹೆಸರನ್ನೇ ಹೇಳಿದಳಂತೆ. ಅದು ಸುತ್ತಿಕೊಂಡು ಮತ್ತೆ ಮತ್ತೆ ಬಂತಂತೆ. ಅಷ್ಟು ಸಲ ತನ್ನ ಹೆಸರನ್ನು, ಯಾವ ಕೆಲಸವನ್ನೂ ಹಚ್ಚದೆ, ಯಾರೂ ಕರೆದಿರಲಿಲ್ಲ ಎಂದು ಬರೆದಿದ್ದಳು.

ಸಾಹಿತ್ಯ ಇದ್ದದ್ದು ಅಲ್ಲಿ. ಗುಮ್ಮಟದ ಪಿಸುಮಾತಿನ ಚಮತ್ಕಾರವನ್ನು ಎಲ್ಲ ಪ್ರವಾಸಿಗರೂ ಬರೆಯುತ್ತಾರೆ. ಆ ಅರ್ಥವನ್ನು ಒಬ್ಬಳೇ ಹೋದ, ಮನೆಯಲ್ಲಿ ದಿನವೆಲ್ಲ ಕೆಲಸಕ್ಕೆ ಕರೆಸಿಕೊಂಡ ಹುಡುಗಿ ಮಾತ್ರ ಕಾಣಬಲ್ಲಳು. ಉಳಿದ ಎರಡೂವರೆ ಪುಟ ಅವಳದಲ್ಲ, ನಮ್ಮದು. ನಾವು ಕೇಳುತ್ತೇವೆಂದು ಅವಳಿಗೆ ಗೊತ್ತಿದ್ದ ಪ್ರಶ್ನೆಗಳಿಗೆ ಅವಳು ಮುಂಗಡವಾಗಿ ಕೊಟ್ಟ ಉತ್ತರ. ಕಲ್ಯಾಣದ ಹೆಬ್ಬಾಗಿಲು ಕಾಲೇಜಿನ ಸಂಚಿಕೆಯವರೆಗೂ ಬಂದಿದೆ.

2023ರ ಜೂನ್ 11ರಿಂದ ಕರ್ನಾಟಕದಲ್ಲಿ 'ಶಕ್ತಿ' ಯೋಜನೆ ಜಾರಿಗೆ ಬಂತು; ರಾಜ್ಯದ ಹೆಂಗಸರು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲದೆ ಓಡಾಡುವಂತಾಯಿತು. ನಿರ್ವಾಹಕರು ಹರಿದು ಕೊಡುವ ಚೀಟಿಗೆ 'ಶೂನ್ಯ ಟಿಕೆಟ್' ಎಂದು ಹೆಸರಾಯಿತು. ಈ ಶೂನ್ಯದಿಂದ ಏನು ಸಂಪಾದನೆಯಾಯಿತೆಂದು ಅರ್ಥಶಾಸ್ತ್ರದವರು ಅವರ ರೀತಿಯಲ್ಲಿ ಚರ್ಚಿಸಲಿ. ಸಾಹಿತ್ಯದವರಾದ ನಾವು ಕೇಳಬೇಕಾದದ್ದು ಬೇರೆ. ದಾರಿಖರ್ಚಿನ ಅಡ್ಡಿಯನ್ನು ಒಂದು ಆಜ್ಞೆ ತೆಗೆಯಬಲ್ಲದು. ಸಮಜಾಯಿಷಿಯ ಹೊರೆಯನ್ನು ಯಾವ ಆಜ್ಞೆಯೂ ತೆಗೆಯಲಾರದು. ಅದನ್ನು ಇಳಿಸಬೇಕಾದವರು ಓದುವವರು, ಪಾಠ ಹೇಳುವವರು, ಲೇಖನಗಳನ್ನು ಆಯುವವರು.

ದಾರಿಯ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಗಳು ಹೊತ್ತಿಗೆ ಸರಿಯಾಗಿ ಮನೆ ಸೇರಲಿ ಎಂಬ ತಾಯಿಯ ಕಳವಳಕ್ಕೆ ಕಾರಣಗಳಿವೆ. ಭಯವೂ ಕಂಡದ್ದರ ಒಂದು ಭಾಗ. ಅದು ಬರವಣಿಗೆಯಲ್ಲಿ ಬರಲಿ. ಆದರೆ ಭಯವನ್ನು ಬರೆಯುವುದು ಬೇರೆ, ಕ್ಷಮೆ ಕೇಳುತ್ತ ಬರೆಯುವುದು ಬೇರೆ. ಮೊದಲನೆಯದರಲ್ಲಿ ಹೊಸ ಊರು ಇನ್ನಷ್ಟು ಸ್ಪಷ್ಟವಾಗುತ್ತದೆ. ಎರಡನೆಯದರಲ್ಲಿ ಊರು ಮಾಯವಾಗಿ ಬರೆದವಳ ನಡತೆಯ ಪತ್ರ ಮಾತ್ರ ಉಳಿಯುತ್ತದೆ.

ಅಕ್ಕನ ಉತ್ತರಗಳನ್ನು ನಾವು ಶತಮಾನಗಳ ಕಾಲ ಜೋಪಾನ ಮಾಡಿದೆವು. ಅದು ನಮ್ಮ ಪುಣ್ಯ. ಅವಳು ಕಂಡ ನಗರವನ್ನು ಕೇಳಿ ಇಟ್ಟುಕೊಳ್ಳಲಿಲ್ಲ. ಅದು ನಮಗಾದ ನಷ್ಟ. ಆ ನಷ್ಟವನ್ನು ಇನ್ನು ತುಂಬಲಾಗದು. ಆದರೆ ನಾಳೆ ಬೆಳಗಿನ ಬಸ್ಸಿಗೆ ಚೀಲ ಹೆಗಲಿಗೇರಿಸಿ ಹೊರಡುವ ಹೆಣ್ಣುಮಗಳು ತಿರುಗಿ ಬಂದಾಗ, ಯಾರ ಜೊತೆ ಹೋಗಿದ್ದಿ ಎಂಬುದಕ್ಕಿಂತ ಮೊದಲು ಊರು ಹೇಗಿತ್ತವ್ವಾ ಎಂದು ಕೇಳುವುದು ನಮ್ಮ ಕೈಯಲ್ಲಿದೆ. ಕನ್ನಡದ ಪ್ರವಾಸ ಸಾಹಿತ್ಯದ ಅರ್ಧಭಾಗ ಆ ಪ್ರಶ್ನೆಗಾಗಿ ಕಾದಿದೆ.