ಚೌಕಟ್ಟಿನ ಹೊರಗೆ ಉಳಿದದ್ದು

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಗೆಳೆಯರೊಬ್ಬರು ಈಚೆಗೆ ಮೂರು ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಸ್ಪರ್ಧೆಗೆ ಯಾವುದನ್ನು ಕಳಿಸಲಿ ಎಂದು ಕೇಳಿದರು. ಒಂದು, ಕುಂದವಾಡ ಕೆರೆಯ ಮೇಲೆ ಮಂಜಿನಲ್ಲಿ ಹಾರುವ ಬೆಳ್ಳಕ್ಕಿಗಳದ್ದು. ಇನ್ನೊಂದು, ಖಾಲಿ ಸೈಟಿನ ಕಾಂಪೌಂಡಿನ ಮೇಲೆ ಕುಳಿತ ಹಾಲಕ್ಕಿಯದ್ದು. ಮೂರನೆಯದರಲ್ಲಿ ಸೂರಕ್ಕಿಯೊಂದು ಮರಿಗಳಿಗೆ ಗುಟುಕು ಕೊಡುತ್ತಿತ್ತು. ಬಣ್ಣ, ಬೆಳಕು, ಸ್ಪಷ್ಟತೆ ಎಲ್ಲದರಲ್ಲೂ ಮೂರನೆಯದೇ ಮೇಲು. ಆದರೆ ಗೂಡಿನ ಮುಂದೆ ಒಂದೆಲೆಯೂ ಅಡ್ಡವಿರಲಿಲ್ಲ. ಕೇಳಿದರೆ, "ಎರಡು ರೆಂಬೆ ಸ್ವಲ್ಪ ಸವರಿದೆ" ಎಂದರು. ಬಿಸಿಲಿನಿಂದಲೂ ಕಾಗೆಯ ಕಣ್ಣಿನಿಂದಲೂ ಗೂಡನ್ನು ಕಾಯುತ್ತಿದ್ದುದು ಆ ಎಲೆಗಳೇ. ಮರಿಗಳು ಹಾರಿದವೇ? ಅವರು ಮತ್ತೆ ಹೋಗಿ ನೋಡಿರಲಿಲ್ಲ.

ಇಂಥ ಚಿತ್ರಕ್ಕೆ ಅಂಕ ಕೊಡುವುದು ಹೇಗೆ? ಚೌಕಟ್ಟಿನೊಳಗೆ ಕಾಣುವುದಷ್ಟೇ ನಮ್ಮ ಕೆಲಸ ಎನ್ನುವ ತೀರ್ಪುಗಾರರಿದ್ದಾರೆ. ಚಿತ್ರಕಲೆಗೆ ಆ ಮಾತು ಸರಿ. ವನ್ಯಜೀವಿ ಛಾಯಾಚಿತ್ರಕ್ಕೆ ಸಲ್ಲದು. ಯಾಕೆಂದರೆ ಅದು ಮೊದಲು ಸಾಕ್ಷಿ, ಆಮೇಲೆ ಕಲೆ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಜಗತ್ಪ್ರಸಿದ್ಧ ಸ್ಪರ್ಧೆಗೂ ಈ ಪಾಠ ಅಗ್ಗಕ್ಕೆ ಸಿಗಲಿಲ್ಲ. 2009ರಲ್ಲಿ ಅಗ್ರ ಬಹುಮಾನ ಪಡೆದದ್ದು ಸ್ಪೇನಿನ ಹೋಸೆ ಲೂಯಿಸ್ ರೊಡ್ರಿಗೆಸ್ ಅವರ ಚಿತ್ರ. ರಾತ್ರಿಯಲ್ಲಿ ತೋಳವೊಂದು ಮರದ ಗೇಟನ್ನು ಹಾರಿ ಬರುವ ದೃಶ್ಯ ಅದು. ನೋಡಿದವರ ಎದೆ ಝಲ್ಲೆನ್ನಬೇಕು, ಹಾಗಿತ್ತು. ಆದರೆ ಅದು ಪಳಗಿಸಿದ ತೋಳ ಇರಬೇಕೆಂದು ತೀರ್ಪುಗಾರರಿಗೆ ಮನವರಿಕೆಯಾಗಿ, 2010ರ ಜನವರಿಯಲ್ಲಿ ಬಹುಮಾನ ರದ್ದಾಯಿತು. ಮತ್ತೆ 2018ರಲ್ಲಿ, ಬ್ರೆಜಿಲ್‌ನ ಮಾರ್ಸಿಯೋ ಕಬ್ರಾಲ್ ಅವರ ಇರುವೆಬಾಕ ತೊಗಲಿನೊಳಗೆ ಹುಲ್ಲು ತುಂಬಿದ ಬೊಂಬೆಯೆಂದು ತೀರ್ಮಾನವಾಯಿತು. ಇಬ್ಬರೂ ಆರೋಪವನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಗಮನಿಸಿ: ಚಿತ್ರ ಬದಲಾಗಲಿಲ್ಲ, ಅದರ ಒಂದು ಗೆರೆಯೂ ಅಳಿಸಲಿಲ್ಲ. ಆದರೂ ನಿನ್ನೆ ನಮ್ಮನ್ನು ಬೆರಗುಗೊಳಿಸಿದ್ದು ಇಂದು ಬರಿಯ ನಾಟಕದ ಸೀನು.

ಇನ್ನೊಂದು ತುದಿಯಲ್ಲಿ ಬೇರೆಯದೇ ಅನ್ಯಾಯವಿದೆ. ಅನೇಕ ಅಂತಾರಾಷ್ಟ್ರೀಯ ಸಲಾನುಗಳ ನಿಸರ್ಗ ವಿಭಾಗದಲ್ಲಿ ಮನುಷ್ಯನ ಕುರುಹು ಇರಕೂಡದೆಂಬುದು ಸಾಮಾನ್ಯ ನಿಯಮ. ಮನುಷ್ಯರ ನಡುವೆ ಬಾಳಲು ಕಲಿತ ಜೀವಿಗಳಿಗೆ ಮಾತ್ರ ಸ್ವಲ್ಪ ವಿನಾಯಿತಿ ಇದೆ. ಬಂಗಾಳದ ಬಿಪ್ಲಬ್ ಹಾಜ್ರಾ ಅವರಿಗೆ 2017ರಲ್ಲಿ ಸ್ಯಾಂಕ್ಚುರಿ ಪ್ರಶಸ್ತಿ ತಂದ ಚಿತ್ರವನ್ನು ನೆನೆಯಿರಿ. ಗುಂಪು ಎಸೆದ ಬೆಂಕಿಯುಂಡೆಗಳಿಂದ ತಾಯಾನೆ ಓಡುತ್ತಿದೆ. ಹಿಂದೆಯೇ ಬರುತ್ತಿರುವ ಮರಿಯ ಕಾಲಿಗೆ ಬೆಂಕಿ ಹತ್ತಿದೆ. ಚೌಕಟ್ಟಿನಲ್ಲಿ ಮನುಷ್ಯರೂ ಇದ್ದಾರೆ, ಇರಲೇಬೇಕು. ಆ ನಿಯಮವನ್ನು ಅಕ್ಷರಶಃ ಹಿಡಿದರೆ ಈ ಚಿತ್ರ ಬಾಗಿಲಲ್ಲೇ ನಿಲ್ಲುತ್ತಿತ್ತು. ಸುಳ್ಳು ತೋಳಕ್ಕೆ ಒಳಗೆ ದಾರಿ ಸಿಗುತ್ತದೆ, ನಿಜವಾದ ಆನೆಗೆ ಸಿಗುವುದಿಲ್ಲವೆಂದರೆ ನಿಯಮದಲ್ಲೇ ಎಲ್ಲೋ ಐಬಿದೆ.

ನನಗೆ ತುಂಬ ಇಷ್ಟವಾದದ್ದು ಇಷ್ಟೊಂದು ಗದ್ದಲವಿಲ್ಲದ ಒಂದು ಚಿತ್ರ. ಪಂಜಾಬಿನ ಕಪೂರ್ತಲದಲ್ಲಿ, ಹಳೆಯ ಕೊಳವೆಯ ಬಾಯಿಂದ ಎರಡು ಹಾಲಕ್ಕಿಗಳು ಇಣುಕಿ ನೋಡುತ್ತಿವೆ. ತೆಗೆದವನು ಅರ್ಷದೀಪ್ ಸಿಂಗ್ ಎಂಬ ಬಾಲಕ. ಹತ್ತು ವರ್ಷದೊಳಗಿನವರ ವಿಭಾಗದಲ್ಲಿ 2018ರ ಲಂಡನ್ ಬಹುಮಾನ ಅವನದಾಯಿತು. ರಸ್ತೆ ಬದಿಯಲ್ಲಿ ಕಾರಿನಿಂದಲೇ ಕ್ಲಿಕ್ಕಿಸಿದ್ದು. ಹಕ್ಕಿ ಹಕ್ಕಿಯ ಜಾಗದಲ್ಲೇ ಉಳಿಯಿತು. ನಮ್ಮ ಬುಡಬುಡಿಕೆಯವರು ಹಾಲಕ್ಕಿಯ ಹೆಸರಿನಲ್ಲಿ ಮನೆ ಮನೆಗೆ ಶಕುನ ನುಡಿದು ಹೋಗುತ್ತಿದ್ದರು. ಆ ಹಕ್ಕಿಯ ಮುಖವನ್ನೇ ಸರಿಯಾಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಕರ್ನಾಟಕಕ್ಕೆ ಈ ಕಲೆಯಲ್ಲಿ ದೊಡ್ಡ ಪರಂಪರೆಯಿದೆ. ಸಂಡೂರಿನ ಎಂ. ವೈ. ಘೋರ್ಪಡೆ, 2017ರಲ್ಲಿ ತೀರಿಕೊಂಡ ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯ ತೇಜಸ್ವಿ. ಹಿಂದಿನವರೂ ಮರೆಯಲ್ಲಿ ಕುಳಿತು ಗೂಡುಗಳನ್ನು ಚಿತ್ರಿಸಿದ್ದುಂಟು. ದೂರದಿಂದ ತೆಗೆಯುವ ಲೆನ್ಸು ಆಗ ಎಲ್ಲರ ಕೈಗೆ ಎಟಕುತ್ತಿರಲಿಲ್ಲ, ರೀಲಿನ ಒಂದೊಂದು ಚೌಕಕ್ಕೂ ಲೆಕ್ಕವಿತ್ತು. ಮಾರುದ್ದದ ಲೆನ್ಸು ಹೊತ್ತು, ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುವ ಇಂದಿನವರಿಗೆ ಆ ನೆಪವಿಲ್ಲ. ಗೂಡಿನ ಚಿತ್ರಗಳನ್ನು ತೀರ್ಪುಗಾರರು ಪಕ್ಕಕ್ಕಿಟ್ಟರೆ ಕತ್ತರಿಗಳೂ ಮನೆಯಲ್ಲೇ ಉಳಿಯುತ್ತವೆ. ಬಹುಮಾನ ಬಂದದ್ದನ್ನೇ ಮರುವರ್ಷ ನೂರು ಜನ ತೆಗೆಯಲು ಹೊರಡುತ್ತಾರಲ್ಲ.

ಗೆಳೆಯರಿಗೆ ನಾನು ಹಾಲಕ್ಕಿಯ ಚಿತ್ರವನ್ನು ಎತ್ತಿಕೊಟ್ಟೆ. ಕಾಂಪೌಂಡಿನ ಸಿಮೆಂಟು ಕಾಣುತ್ತದಲ್ಲ, ಅಂಕ ಹೋಗುತ್ತದೆ ಎಂಬುದು ಅವರ ತಕರಾರು. ಆ ಸೈಟಿನಲ್ಲಿ ಪಾಯ ತೆಗೆಯಲು ಈಗಾಗಲೇ ಗುರುತು ಹಾಕಿದ್ದಾರೆ. ಚಿತ್ರದ ಎಡ ಅಂಚಿನಲ್ಲಿ ಸುಣ್ಣದ ಗೆರೆಯೂ ಬಂದಿದೆ. ಅದನ್ನು ಕತ್ತರಿಸಬೇಡಿ ಎಂದಷ್ಟೇ ಹೇಳಿ ಬಂದೆ.