ಕೊಳವೆಯ ಸುದ್ದಿ ಮತ್ತು ಉದಾರವಾದಿಗಳ ಯುದ್ಧ

ಅಮೆರಿಕದ ಅಂಕಣಕಾರರನ್ನು ಓದುವುದು ನನ್ನ ಹಳೆಯ ಚಟ. ಹೊಸ ಹೆಸರು ಕಂಡರೆ ಮೊದಲು ಹುಡುಕುವುದು, ಇರಾಕ್ ಯುದ್ಧಕ್ಕೆ ದೇಶವನ್ನು ಅಣಿಗೊಳಿಸುತ್ತಿದ್ದಾಗ ಈ ಮನುಷ್ಯ ಏನು ಬರೆದಿದ್ದ ಎಂಬುದನ್ನು.

2002ರ ಸೆಪ್ಟೆಂಬರ್ 8, ಭಾನುವಾರ. ಅಣುಬಾಂಬ್ ತಯಾರಿಕೆಗಾಗಿ ಸದ್ದಾಂ ಹುಸೇನ್ ಅಲ್ಯುಮಿನಿಯಂ ಕೊಳವೆಗಳನ್ನು ತರಿಸಿಕೊಳ್ಳಲು ಯತ್ನಿಸಿದ್ದಾರೆ ಎಂದು ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಬರೆಯಿತು. ಹೇಳಿದವರು ಹೆಸರಿಲ್ಲದ ಅಧಿಕಾರಿಗಳು. ಅದೇ ಬೆಳಿಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಎನ್‌ಬಿಸಿಯ ‘ಮೀಟ್ ದ ಪ್ರೆಸ್’ನಲ್ಲಿ ಕುಳಿತು ಟೈಮ್ಸ್ ವರದಿಯತ್ತ ಬೆರಳು ತೋರಿಸಿದರು. ಸರ್ಕಾರ ಪತ್ರಿಕೆಯ ಕಿವಿಯಲ್ಲಿ ಊದಿದ್ದೇ ಸರ್ಕಾರಕ್ಕೆ ಸಾಕ್ಷಿಯಾಯಿತು. ಆ ಕೊಳವೆಗಳು 81 ಮಿಲಿಮೀಟರ್ ರಾಕೆಟ್‌ಗೆ ಹೊಂದುವಂಥವು, ಯುರೇನಿಯಂ ಪುಷ್ಟೀಕರಣಕ್ಕೆ ತಕ್ಕವಲ್ಲ ಎಂದು ಅಮೆರಿಕದ್ದೇ ಇಂಧನ ಇಲಾಖೆಯ ತಜ್ಞರು 2001ರಲ್ಲೇ ಹೇಳಿದ್ದರು!

ಅಧ್ಯಕ್ಷ ಬುಷ್ ಬಳಗ ಯುದ್ಧ ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಇಂದಿಗೂ ನೋವಾಗುವುದು ಉದಾರವಾದಿಗಳ ಬಗ್ಗೆ. ಟೈಮ್ಸ್‌ನಲ್ಲಿ ಅಂಕಣಕಾರರಾದ ಥಾಮಸ್ ಫ್ರೀಡ್‌ಮನ್, ಬಿಲ್ ಕೆಲ್ಲರ್ ಯುದ್ಧದ ಪರ ನಿಂತರು. ಸೆನೆಟ್‌ನ 50 ಡೆಮಾಕ್ರಟರಲ್ಲಿ 29 ಮಂದಿ ಬುಷ್‌ಗೆ ಯುದ್ಧಾಧಿಕಾರ ಕೊಟ್ಟರು. ಯುದ್ಧವಿರೋಧಿಗಳಿಗೆ ಜಾಗ ಕೊಟ್ಟಿದ್ದ ಫಿಲ್ ಡೊನಾಹ್ಯೂ ಕಾರ್ಯಕ್ರಮವನ್ನು ಎಂಎಸ್‌ಎನ್‌ಬಿಸಿ 2003ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಆ ಚಾನೆಲ್‌ನಲ್ಲಿ ಅತಿ ಹೆಚ್ಚು ಜನ ನೋಡುತ್ತಿದ್ದುದೇ ಅದನ್ನು. ಅದೇ ವರ್ಷದ ಜುಲೈನಲ್ಲಿ ಕೆಲ್ಲರ್ ಟೈಮ್ಸ್‌ನ ಕಾರ್ಯನಿರ್ವಾಹಕ ಸಂಪಾದಕರಾದರು. ತಪ್ಪು ಹೇಳಿದವರಿಗೆ ಬಡ್ತಿ, ಪ್ರಶ್ನೆ ಕೇಳಿದವರಿಗೆ ಬಾಗಿಲು.

ಸರಿಯಾಗಿ ಬರೆದವರೂ ಇದ್ದರು. ನೈಟ್ ರಿಡ್ಡರ್ ಪತ್ರಿಕಾ ಸಮೂಹದ ಜೊನಾಥನ್ ಲ್ಯಾಂಡೇ, ವಾರೆನ್ ಸ್ಟ್ರೋಬೆಲ್. ಅವರ ಬೆನ್ನಿಗೆ ಸಂಪಾದಕ ಜಾನ್ ವಾಲ್ಕಾಟ್. ಮೇಲಿನ ಕುರ್ಚಿಯವರನ್ನು ಬಿಟ್ಟು, ಕಡತಗಳನ್ನು ನಿಜಕ್ಕೂ ಓದುವ ನಡುಹಂತದ ಗುಪ್ತಚರ, ಸೇನಾ ಅಧಿಕಾರಿಗಳನ್ನು ಅವರು ಮಾತನಾಡಿಸಿದರು. ಗುಪ್ತಚರ ವಿಶ್ಲೇಷಕರಲ್ಲೇ ಒಡಕಿದೆ ಎಂದು 2002ರ ಅಕ್ಟೋಬರ್‌ನಲ್ಲೇ ಬರೆದರು. ಅವರ ಮೂಲಗಳೂ ಬಹುಪಾಲು ಹೆಸರು ಹೇಳದವರೇ. ಆದರೆ ಯುದ್ಧವನ್ನು ಮಾರುವ ಕೆಲಸ ಆ ಅಧಿಕಾರಿಗಳದ್ದಾಗಿರಲಿಲ್ಲ. ನೈಟ್ ರಿಡ್ಡರ್‌ಗೆ ವಾಷಿಂಗ್ಟನ್‌ನಲ್ಲಾಗಲಿ ನ್ಯೂಯಾರ್ಕ್‌ನಲ್ಲಾಗಲಿ ಸ್ವಂತ ಪತ್ರಿಕೆ ಇರಲಿಲ್ಲ. ಹಾಗಾಗಿ ಆ ವರದಿಗಳು ಸದ್ದು ಮಾಡಲಿಲ್ಲ.

ಟೈಮ್ಸ್ ತನ್ನ ಲೋಪ ಒಪ್ಪಿಕೊಂಡದ್ದು 2004ರ ಮೇ 26ರಂದು, ಒಳಪುಟದಲ್ಲಿ.

ಅಮೆರಿಕದ ವಿದೇಶಾಂಗ ನೀತಿಯನ್ನು ಆಸಕ್ತಿಯಿಂದ ಓದುವ ಗೆಳೆಯರಲ್ಲಿ ಒಂದು ಕೋರಿಕೆ. ಅಂಕಣಕ್ಕಿಂತ ಮೊದಲು ವರದಿ ಓದಿ. ‘ಹಿರಿಯ ಅಧಿಕಾರಿಯೊಬ್ಬರು’ ಎಂದು ಕಂಡಾಗಲೆಲ್ಲ, ಈ ಮಾತು ಹೊರಬಿದ್ದರೆ ಲಾಭ ಯಾರಿಗೆ ಎಂದು ಕೇಳಿಕೊಳ್ಳಿ.