ಆಧಾರಗಳ ತಾರತಮ್ಯ: ಸಂಗೊಳ್ಳಿ ರಾಯಣ್ಣನ ಚರಿತ್ರೆಯ ನಿದರ್ಶನ

ನಮ್ಮ ಕಾಲೇಜುಗಳಲ್ಲಿ ಚರಿತ್ರೆಯ ಆಧಾರಗಳನ್ನು ಕುರಿತ ಪಾಠವು ಬಹುಮಟ್ಟಿಗೆ ಒಂದು ಶ್ರೇಣಿಯ ಬಾಯಿಪಾಠವಾಗಿದೆ: ಶಾಸನ ಮೇಲು, ಸರಕಾರಿ ಕಾಗದ ಅದರ ಕೆಳಗೆ, ಲಾವಣಿ ಎಲ್ಲಕ್ಕೂ ಕಡೆಯದು. ಇದನ್ನು ಕಲಿತ ವಿದ್ಯಾರ್ಥಿಯು ಆಧಾರವನ್ನು ಪರೀಕ್ಷಿಸುವುದಿಲ್ಲ. ಅದರ ಜಾತಿಯನ್ನು ಕೇಳಿ ಸುಮ್ಮನಾಗುತ್ತಾನೆ. ಬೆಳಗಾವಿಯ ತರಗತಿಗಳಿಗೆ ನಿದರ್ಶನ ದೂರವಿಲ್ಲ. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಚರಿತ್ರೆಯೇ ಸಾಕು.

ರಾಯಣ್ಣನು 1798ರ ಆಗಸ್ಟ್ 15ರಂದು ಹುಟ್ಟಿ 1831ರ ಜನವರಿ 26ರಂದು ಮಡಿದನೆಂದು ಪುಸ್ತಕಗಳು ಒಂದೇ ವಾಕ್ಯದಲ್ಲಿ ಹೇಳುತ್ತವೆ. ವಿದ್ಯಾರ್ಥಿಗಳು ಅದನ್ನು ಮೊಬೈಲಿನಿಂದ ಎತ್ತಿ ಹಾಗೆಯೇ ಪ್ರಬಂಧಕ್ಕೆ ಇಳಿಸುವರು. ಸ್ವಾತಂತ್ರ್ಯ ದಿನವೂ ಗಣರಾಜ್ಯ ದಿನವೂ ಒಬ್ಬ ವೀರನ ಬಾಳಿನ ಎರಡು ತುದಿಗಳಾದುದು ಸೊಗಸಾದ ಸಂಗತಿ. ಸೊಗಸಾದುದರಿಂದಲೇ ನಾವು ಅಲ್ಲಿ ಕೊಂಚ ನಿಲ್ಲಬೇಕು. ಗಲ್ಲಿನ ದಿನವನ್ನು ಬರೆದಿಡುವ ಅಗತ್ಯ ಕಂಪನಿ ಸರಕಾರಕ್ಕಿತ್ತು; ಶಿಕ್ಷೆ ಜಾರಿಯಾಯಿತೆಂದು ಮೇಲಿನವರಿಗೆ ತಿಳಿಸಲೇಬೇಕು. ಆದರೆ ಕಂಪನಿಯ ಆಳ್ವಿಕೆ ಇನ್ನೂ ಬಾರದಿದ್ದಾಗ, ಸಂವತ್ಸರ ತಿಥಿಗಳಲ್ಲಿ ಕಾಲವನ್ನು ಎಣಿಸುತ್ತಿದ್ದ ಹಳ್ಳಿಯೊಂದರಲ್ಲಿ ಹುಟ್ಟಿದ ಕೂಸಿಗೆ ಇಂಗ್ಲಿಷ್ ತಾರೀಖನ್ನು ಬರೆದವರು ಯಾರು? ತಿಥಿಯಿಂದ ಲೆಕ್ಕ ಹಾಕಿದುದಾದರೆ ಆ ತಿಥಿಯನ್ನು ಕೊಡುವ ಆಧಾರ ಯಾವುದು? ಜಯಂತಿಯ ಆಚರಣೆಗೆ ಈ ಪ್ರಶ್ನೆಗಳಿಂದ ಕುಂದೇನೂ ಇಲ್ಲ. ಒಂದೇ ವಾಕ್ಯದ ಎರಡು ತಾರೀಖುಗಳು ಒಂದೇ ತೂಕದವಲ್ಲವೆಂದು ವಿದ್ಯಾರ್ಥಿಗೆ ಹೊಳೆಯಬೇಕು, ಅಷ್ಟೆ.

ಇನ್ನು ಕಾಗದಪತ್ರಗಳು. ಇದೇ ತಾಲ್ಲೂಕಿನ ಬೀಡಿಯ ಸರಕಾರಿ ಕಚೇರಿಗೆ ರಾಯಣ್ಣನ ತಂಡವು ಬೆಂಕಿಯಿಟ್ಟಿತು. ಭೂಮಿ ಕಳೆದುಕೊಂಡವರ ಪಾಲಿಗೆ ದಫ್ತರವೇ ಶತ್ರುವಾಗಿತ್ತು. ನಮಗೆ ಉಳಿದಿರುವುವು ಹೆಚ್ಚಾಗಿ ಅವನನ್ನು ಬೆನ್ನಟ್ಟಿದವರ ಬರಹಗಳು. ದಂಡು ಎಲ್ಲಿಂದ ಎಲ್ಲಿಗೆ ನಡೆಯಿತೆಂಬುದಕ್ಕೆ ಅವು ಗ್ರಾಹ್ಯ. ಹಳ್ಳಿಗರು ಬಂಡಾಯಗಾರನಿಗೆ ಅನ್ನವಿಕ್ಕಿದುದೇಕೆಂಬುದಕ್ಕೆ ಸಾಲವು.

ಅದಕ್ಕೆ ಲಾವಣಿಯೇ ಬೇಕು. ರಾಯಣ್ಣನ ಲಾವಣಿಯನ್ನು 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್: ಹಲಸಿಯ ಕದಂಬ ತಾಮ್ರಪಟಗಳನ್ನು ಪ್ರಕಟಿಸಿದ, ಕೂಟಶಾಸನಗಳ ವಿಷಯದಲ್ಲಿ ಬಹು ನಿಷ್ಠುರನೆನಿಸಿದ ಅದೇ ಆಂಗ್ಲ ಅಧಿಕಾರಿ. ಅವನು ತಳ್ಳಿಹಾಕದ ಲಾವಣಿಯನ್ನು ನಮ್ಮ ಪಾಠಕ್ರಮ ತಳ್ಳಿಹಾಕುತ್ತಿದೆ. ಹಾಗೆಂದು, ಘಟನೆಯಾಗಿ ಅರ್ಧ ಶತಮಾನದ ಮೇಲೆ ಅಚ್ಚಾದ ಹಾಡನ್ನು ದಿನಚರಿಯಂತೆ ಓದುವುದೂ ಸಲ್ಲದು.

ನಂದಗಡಕ್ಕೆ ಪ್ರವಾಸ ಹೋದ ತರಗತಿಗಳು ಸಮಾಧಿಯ ಆಲದ ಮರದ ಮುಂದೆ ಚಿತ್ರ ತೆಗೆಸಿಕೊಂಡು ಮರಳುವುವು. ಆ ಮರವನ್ನು ರಾಯಣ್ಣನ ಗೆಳೆಯನು ನೆಟ್ಟನೆಂದು ಜನ ಹೇಳುವರು. ಅದನ್ನು ತಾವು ಯಾರಿಂದ ಕೇಳಿದಿರೆಂದು ಊರ ಹಿರಿಯರನ್ನು ಅಲ್ಲಿಯೇ ವಿಚಾರಿಸಿ, ಉತ್ತರವನ್ನು ಹೆಸರು, ದಿನಗಳೊಡನೆ ಬರೆದು ತರುವ ಕೆಲಸವನ್ನು ವಿದ್ಯಾರ್ಥಿಗೆ ಏಕೆ ಕೊಡಬಾರದು?